ಮಾತ್ರೆ ಸಾಲು, ಸಿಪ್ಪೆ ಸಾಲು

ಔಷಧ ವಿಜ್ಞಾನ ಓದಿ, ಸಂಶೋಧನೆ ಮಾಡಬೇಕೆಂದು ಹೊರಟಿರುವ ಹುಡುಗ ಹುಡುಗಿಯರು ಆಗಾಗ ಮಂಡ್ಯದ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾ, "ಮೇಡಂ, ಒಟ್ಟು ಎಷ್ಟು ಪೇಪರ್ ಬರೆದಿದ್ದೀರಿ?" ಎಂದು ಕೇಳುತ್ತಾರೆ. ಎಷ್ಟು ಸಲ ಇಲಿಯಿಂದ ಕಚ್ಚಿಸಿಕೊಂಡಿದ್ದೀರಿ ಎಂದು ಒಬ್ಬರೂ ಕೇಳಿಲ್ಲ. ನನ್ನ ತೋರುಬೆರಳಿನ ಮೇಲಿರುವ ಗುರುತನ್ನು ನಾನಾಗಿಯೇ ತೋರಿಸಿದರೆ, ಈಳಿಗೆಮಣೆ ತಾಗಿತ್ತಾ ಎನ್ನುತ್ತಾರೆ. ಹೆಂಗಸಿನ ಕೈಗೆ ಗಾಯವಾಗಲು ಅಡುಗೆಮನೆ ಬಿಟ್ಟರೆ ಬೇರೆ ಜಾಗವೇ ಇಲ್ಲವೆಂದು ಅವರೂ ನಂಬಿದ್ದಾರೆ.

ಅದಕ್ಕೇ ಇದನ್ನು ಬರೆಯಲು ಕುಳಿತೆ. ಯಾವಾಗ ರೀಡರ್ ಆದೆ, ಯಾವಾಗ ಪ್ರೊಫೆಸರ್ ಆದೆ ಎಂಬುದನ್ನೆಲ್ಲ ನಿವೃತ್ತಿಯ ದಿನ ಹಾರ ಹಾಕಿದವರು ಹೇಳಿ ಮುಗಿಸಿದ್ದಾರೆ. ಅದರಲ್ಲಿ ಅರ್ಧ ತಪ್ಪು, ತಿದ್ದುವ ಆಸೆ ನನಗಿಲ್ಲ. ನಾನು ಹೇಳಬೇಕಾದದ್ದು ಇಲಿಗಳ ವಿಷಯ, ಈರುಳ್ಳಿ ಸಿಪ್ಪೆಯ ವಿಷಯ, ಮತ್ತು ನಮ್ಮಣ್ಣನ ವಿಷಯ.

ನಾನು ಕೆಲಸ ಮಾಡಿದ ಕಾಲೇಜು ಮದ್ದೂರಿಗೂ ಮಂಡ್ಯಕ್ಕೂ ನಡುವೆ, ಕಬ್ಬಿನ ಗದ್ದೆಗಳ ಪಕ್ಕದಲ್ಲಿತ್ತು. ಅಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಪುಟ್ಟಸ್ವಾಮಿ ಸರ್. ಸಕ್ಕರೆ ಕಾಯಿಲೆ ಕಿಡ್ನಿಯನ್ನು ಹೇಗೆ ಕೆಡಿಸುತ್ತದೆ, ಗಿಡಮರಗಳಲ್ಲಿ ಅದನ್ನು ತಡೆಯುವಂಥದ್ದು ಏನಾದರೂ ಇದೆಯೇ ಎಂಬುದು ಅವರು ಜೀವಮಾನವಿಡೀ ಹಿಡಿದ ಪ್ರಶ್ನೆ. "ಆಲೆಮನೆ ಪಕ್ಕ ಕೂತ್ಕೊಂಡು ಸಕ್ಕರೆ ಕಾಯಿಲೆ ಓದದೆ ಇನ್ನೇನು ಓದೋದು ರೀ?" ಎನ್ನುತ್ತಿದ್ದರು. ಆಲೆಮನೆಯಿಂದ ಬಿಸಿ ಬೆಲ್ಲ ಬಂದಾಗ ಅವರು ಬೇಡ ಎಂದದ್ದನ್ನು ನಾನು ನೋಡಿಲ್ಲ. ಅವರ ಬಾಯಿಂದ ಹೊಗಳಿಕೆ ಬಂದದ್ದನ್ನೂ ನೋಡಿಲ್ಲ. ಕೆಲಸ ಚೆನ್ನಾಗಿ ಆದರೆ ಒಂದು "ಹೂಂ" ಎನ್ನುವರು, ಕೆಟ್ಟರೆ "ಹೂಂ ಹೂಂ" ಎನ್ನುವರು. ಎರಡನೇ ಹೂಂ ಬರುತ್ತದೋ ಇಲ್ಲವೋ ಎಂದು ಉಸಿರು ಹಿಡಿದು ನಿಲ್ಲುವುದೇ ಮೊದಲ ಕೆಲವು ವರ್ಷ ನನ್ನ ಮುಖ್ಯ ಕೆಲಸವಾಗಿತ್ತು.

ಈರುಳ್ಳಿ ಸಿಪ್ಪೆಯ ಯೋಚನೆ ಅವರಿಗೆ ಬಂದದ್ದು ಮದ್ದೂರಿನ ಹೋಟೆಲೊಂದರ ಹಿತ್ತಿಲಲ್ಲಿ. ವಡೆ ತಿಂದು ಕೈ ತೊಳೆಯಲು ಹಿಂದಕ್ಕೆ ಹೋದವರಿಗೆ ಸಿಪ್ಪೆಯ ಗುಡ್ಡ ಕಂಡಿತು. ವಡೆಗೆ ಈರುಳ್ಳಿ ಹೆಚ್ಚಿ ಹೆಚ್ಚಿ ಬಿಸಾಕಿದ್ದು. ಒಂದು ಹಸು ಬಂದು ಮೂಸಿ ನೋಡಿ, ತಲೆ ಕೊಡವಿ ಹೋಯಿತಂತೆ. "ಹಸು ಬಿಟ್ಟು ಹೋಯ್ತು, ನಾನು ಬಿಡಲಿಲ್ಲ" ಎಂದು ಸರ್ ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಕೆಂಪು ಈರುಳ್ಳಿಯ ತಿರುಳಿಗಿಂತ ಒಣ ಸಿಪ್ಪೆಯಲ್ಲಿ ಫ್ಲೇವನಾಯ್ಡು ಎಂಬ ವಸ್ತುಗಳು ಹೆಚ್ಚು ಎಂದು ಅವರು ಓದಿದ್ದರು. ಹೀಗೆ ನಮ್ಮ ವಿಭಾಗದ ಮಹಾ ಸಂಶೋಧನೆ ವಡೆಯ ಬೆನ್ನ ಹಿಂದೆ ಶುರುವಾಯಿತು, ಸಿಪ್ಪೆ ಹೊರುವ ಕೆಲಸ ನನ್ನ ಪಾಲಿಗೆ ಬಂತು.

ಮೂಟೆ ಹಗುರ, ಆದರೆ ಗಾತ್ರ ದೊಡ್ಡದು. ಬಸ್ಸಿನ ಕಂಡಕ್ಟರ್ ಮೂಟೆಯನ್ನೂ ನನ್ನನ್ನೂ ನೋಡಿ, "ಮೇಡಮ್ಮೋರೆ, ಇದುಕ್ಕೆ ಲಗೇಜ್ ಆಕ್ಲಾ, ಕಸ ಅಂತ ಬುಟ್ಬುಡ್ಲಾ?" ಎಂದ. ಬಸ್ಸು ಹೊರಟು ಗಾಳಿ ಬೀಸಿದ್ದೇ ಮೂಟೆಯ ಬಾಯಿ ಬಿಚ್ಚಿಕೊಂಡಿತು. ಮದುವೆಗೆ ಹೊರಟಿದ್ದ ಒಬ್ಬ ಯಜಮಾನರ ಇಸ್ತ್ರಿ ಮಾಡಿದ ಬಿಳಿ ಶರಟಿನ ಮೇಲೆಲ್ಲ ಕೆಂಪು ಸಿಪ್ಪೆ ಕೂತಿತು. ಅವರು ಒಂದೊಂದನ್ನೇ ತೆಗೆದು ನನ್ನ ಕೈಗೆ ಕೊಡುತ್ತಾ, "ಯಾವ ಓಟ್ಲು ಇಟ್ಟಿದ್ದೀಯವ್ವ?" ಎಂದು ಕೇಳಿದರು. ನಾನು ಡಾಕ್ಟರೇಟ್ ಮಾಡಿದವಳು ಎಂದು ಹೇಳುವ ಧೈರ್ಯ ಆ ಹೊತ್ತಿನಲ್ಲಿ ಬರಲಿಲ್ಲ.

ನಾವು ಮಾಡುತ್ತಿದ್ದುದು ಏನೆಂದು ಒಂದಿಷ್ಟು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕೊಬ್ಬರಿಯನ್ನು ಬಹಳ ದಿನ ಇಟ್ಟರೆ ಕಮಟು ಹಿಡಿಯುತ್ತದಲ್ಲ? ಗಾಳಿಯಲ್ಲಿರುವ ಆಮ್ಲಜನಕ ಅದರ ಎಣ್ಣೆಯನ್ನು ಕೆಡಿಸುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಾಗಿ ವರ್ಷಗಟ್ಟಲೆ ನಿಂತರೆ ಕಿಡ್ನಿಯೊಳಗೂ ಹೆಚ್ಚು ಕಡಿಮೆ ಅದೇ ಆಗುತ್ತದೆ. ಆಮ್ಲಜನಕದ ಪುಂಡ ರೂಪಗಳು ಹುಟ್ಟಿ, ಅಲ್ಲಿನ ಜೀವಕೋಶಗಳ ಕೊಬ್ಬನ್ನು ಕೆಡಿಸುತ್ತವೆ. ಕಿಡ್ನಿಯ ಜರಡಿ ಹರಿಯುತ್ತದೆ, ಒಳಗೆ ಉಳಿಯಬೇಕಾದ ಪ್ರೋಟೀನು ಉಚ್ಚೆಯಲ್ಲಿ ಸೋರಿಹೋಗುತ್ತದೆ, ಕೊನೆಗೆ ಕಾಲು ಊದುತ್ತದೆ. ಫ್ಲೇವನಾಯ್ಡು ಎಂದರೆ ಗಿಡಗಳು ಬಿಸಿಲಿನಿಂದಲೂ ಹುಳಹುಪ್ಪಟೆಯಿಂದಲೂ ತಮ್ಮ ಮೈ ಕಾಯ್ದುಕೊಳ್ಳಲು ಮಾಡಿಕೊಂಡ ವಸ್ತು. ಅದು ಈ ಪುಂಡರನ್ನು ಅಷ್ಟೋ ಇಷ್ಟೋ ಅಡಗಿಸುತ್ತದೆ ಎಂಬುದು ನಮ್ಮ ನಂಬಿಕೆ. ನಂಬಿಕೆಯನ್ನು ಇಲಿಗಳ ಮೇಲೆ ಪರೀಕ್ಷೆ ಮಾಡಬೇಕು.

ಕಮಟು ಎಷ್ಟಾಗಿದೆ ಎಂದು ನೋಡುವ ಪರೀಕ್ಷೆಯಲ್ಲಿ ಗುಲಾಬಿ ಬಣ್ಣ ಬರುತ್ತದೆ. ಇಲಿಯ ಕಿಡ್ನಿಯ ಚೂರನ್ನು ಅರೆದು, ರಾಸಾಯನಿಕ ಬೆರೆಸಿ ಕುದಿಸಿದರೆ ಕೊಳವೆಯಲ್ಲಿ ಬಣ್ಣ ಏಳುತ್ತದೆ, ಗುಲಾಬಿ ಗಾಢವಾದಷ್ಟೂ ಹಾನಿ ಹೆಚ್ಚು. ಆಗೆಲ್ಲ ನಾವು ಆ ದ್ರವಗಳನ್ನು ಗಾಜಿನ ಪಿಪೆಟ್ಟಿನಲ್ಲಿ ಬಾಯಿಂದ ಎಳೆಯುತ್ತಿದ್ದೆವು. ಎಳನೀರಿಗೆ ಹಾಕಿದ ಸ್ಟ್ರಾ ಇದ್ದ ಹಾಗೆ. ಸ್ವಲ್ಪ ಮೈಮರೆತರೆ ನಾಲಿಗೆಗೇ ಬರುತ್ತಿತ್ತು, ಆ ರುಚಿ ಮಧ್ಯಾಹ್ನದ ಊಟದಲ್ಲೂ ಇರುತ್ತಿತ್ತು. ಈಗಿನವರು ಗುಂಡಿ ಒತ್ತಿ ಹನಿ ಎತ್ತುತ್ತಾರೆ, ಯಂತ್ರವೇ ಓದಿ ಹೇಳುತ್ತದೆ. ಇನ್ನು ಕೆಲವರು ಫ್ಲೇವನಾಯ್ಡನ್ನು ಕಂಪ್ಯೂಟರಿನಲ್ಲೇ ಕಿಡ್ನಿಯ ಪ್ರೋಟೀನಿನ ಪಕ್ಕ ಕೂರಿಸಿ, ಹೊಂದುತ್ತದೆ ಎಂದು ಹಿಗ್ಗುತ್ತಾರೆ. ಜಾತಕ ಹೊಂದಿದ ಮಾತ್ರಕ್ಕೆ ಸಂಸಾರ ಆದ ಹಾಗಲ್ಲವಲ್ಲ. ಆದರೂ ನನಗೆ ಹೊಟ್ಟೆಕಿಚ್ಚಿದೆ, ಕಂಪ್ಯೂಟರು ಕಚ್ಚುವುದಿಲ್ಲ.

ಇಲಿಮನೆಯನ್ನು ನೋಡಿಕೊಳ್ಳುತ್ತಿದ್ದವಳು ಶಿವಪುರದ ಕೆಂಪಮ್ಮ. ಪಂಜರಕ್ಕೆ ಭತ್ತದ ಹೊಟ್ಟು ಹಾಸುವುದು, ನೀರು ಬದಲಿಸುವುದು, ಕಾರ್ಖಾನೆಯಿಂದ ಬರುವ ಗುಳಿಗೆಯಂಥ ಒಣ ಆಹಾರ ಹಾಕುವುದು ಅವಳ ಕೆಲಸ. ನಮ್ಮಲ್ಲಿದ್ದವೆಲ್ಲ ಗಂಡಿಲಿಗಳೇ, ಅವುಗಳ ಗುರುತಿಗೆಂದು ನಾವು ಪಿಕ್ರಿಕ್ ಆಮ್ಲದ ಹಳದಿಯನ್ನು ಒಂದರ ತಲೆಗೆ, ಒಂದರ ಬೆನ್ನಿಗೆ, ಒಂದರ ಬಾಲಕ್ಕೆ ಹಚ್ಚುತ್ತಿದ್ದೆವು. ಕೆಂಪಮ್ಮ ಅದನ್ನು ಅರಿಶಿನ ಶಾಸ್ತ್ರ ಎನ್ನುತ್ತಿದ್ದಳು. "ಗಂಡ್ಗೊಳ್ಗೆಲ್ಲಾ ಅರಿಸ್ನ ಮೆತ್ತಿದೀರ, ಎಣ್ಣು ಎಲ್ಲವ್ವ?" ಎಂದು ಕೇಳಿ ನನ್ನ ವಿದ್ಯಾರ್ಥಿನಿಯರನ್ನು ನಗಿಸುತ್ತಿದ್ದಳು.

ಪ್ರಯೋಗಕ್ಕೆ ಇಲಿಗಳನ್ನು ಸಾಲು ಸಾಲಾಗಿ ಇಡಬೇಕು. ಒಂದು ಸಾಲು ಆರೋಗ್ಯವಾಗಿರುವವು. ಮಿಕ್ಕವಕ್ಕೆಲ್ಲ ಚುಚ್ಚುಮದ್ದು ಕೊಟ್ಟು ಸಕ್ಕರೆ ಕಾಯಿಲೆ ಬರಿಸುತ್ತೇವೆ. ಅವುಗಳಲ್ಲಿ ಒಂದು ಸಾಲಿಗೆ ಏನೂ ಕೊಡುವುದಿಲ್ಲ. ಒಂದಕ್ಕೆ ಸಿಪ್ಪೆಯಿಂದ ತೆಗೆದ ಸಾರ. ಇನ್ನೊಂದಕ್ಕೆ ಡಾಕ್ಟರು ಮನುಷ್ಯರಿಗೆ ಬರೆದುಕೊಡುವ ಮಾತ್ರೆಯನ್ನೇ ಅರೆದು, ಇಲಿಯ ತೂಕಕ್ಕೆ ತಕ್ಕಷ್ಟು. ಏನೂ ಇಲ್ಲದ ಸಾಲು ಕೆಡಬೇಕು, ಆಗ ಮಾತ್ರ ಮಿಕ್ಕವು ಉಳಿದದ್ದಕ್ಕೆ ಅರ್ಥ. ಬೇಕೆಂದೇ ಕೆಡಲು ಬಿಟ್ಟ ಆ ಸಾಲಿನ ಮುಂದೆ ನಿಂತಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು, ಕೊನೆಯವರೆಗೂ ಆ ಸಂಕಟ ಹೋಗಲಿಲ್ಲ. ನಿಮಗೆ ಆಗದಿದ್ದರೆ ಈ ಕೆಲಸಕ್ಕೆ ಬರಬೇಡಿ.

ಮೊದಲನೇ ಪ್ರಯೋಗ ಮುಗಿಯಿತು. ಕೊಳವೆಗಳನ್ನು ಬೆಳಕಿಗೆ ಹಿಡಿದರೆ, ಏನೂ ಕೊಡದ ಸಾಲೂ ಸಿಪ್ಪೆಯ ಸಾಲೂ ಒಂದೇ ತಿಳಿ ಗುಲಾಬಿ. ಸರ್ "ಹೂಂ ಹೂಂ" ಎಂದರು. ರಾಸಾಯನಿಕ ಹಳೆಯದೇ, ನೀರು ಕೆಟ್ಟಿತ್ತೇ, ಕಾಯಿಲೆಯೇ ಬಂದಿರಲಿಲ್ಲವೇ ಎಂದು ಒಂದೊಂದನ್ನೂ ಅನುಮಾನಿಸಿದರು. ಕೊನೆಗೆ ಅನುಮಾನ ನನ್ನ ಕೈಗೇ ಬಂದು ನಿಂತಿತು. ಪ್ರತಿ ಸಾಲಿನಿಂದ ಕೆಲವನ್ನು ಮಾತ್ರ ಪರೀಕ್ಷೆಗೆ ತೆಗೆದಿದ್ದೆವು, ಮಿಕ್ಕ ಇಲಿಗಳು ಇನ್ನೂ ಪಂಜರದಲ್ಲಿದ್ದವು.

ಒಂದು ಮಧ್ಯಾಹ್ನ ಕನ್ನಡಕ ಮರೆತು ಬಂದಿದ್ದೆನೆಂದು ಇಲಿಮನೆಗೆ ಹೋದೆ. ಕೆಂಪಮ್ಮ ನೆಲದ ಮೇಲೆ ಕೂತು, ಟಿಫನ್ ಡಬ್ಬಿ ಬಿಚ್ಚಿ, ರಾಗಿಮುದ್ದೆಯನ್ನು ಸಣ್ಣ ಸಣ್ಣಗೆ ಮುರಿದು, ಸಾರಿಗೆ ಅದ್ದಿ, ಸೊಪ್ಪು ಸಮೇತ ಪಂಜರದ ಸರಳಿನ ಸಂದಿಯಲ್ಲಿ ತೂರಿಸುತ್ತಿದ್ದಳು. ಏನೂ ಕೊಡದ ಸಾಲಿನ ಇಲಿಗಳು ಎದ್ದು ನಿಂತು ಎರಡು ಕೈಯಲ್ಲೂ ಈಸಿಕೊಂಡು ತಿನ್ನುತ್ತಿದ್ದವು.

"ಕೆಂಪಮ್ಮ! ಏನ್ ಮಾಡ್ತಿದ್ದೀಯ?"

"ಉಣ್ಣಾಕೆ ಕೂತಿವ್ನಿ ಮೇಡಮ್ಮೋರೆ."

"ನೀನು ಉಣ್ಣು. ಅವಕ್ಕ್ಯಾಕೆ ಕೊಡ್ತೀಯ?"

"ಇನ್ಯಾಕೆ? ಆ ಸಾಲ್ಗೆ ಸಿಪ್ಪೆ ಔಸ್ದಿ ಉಯ್ತೀರ, ಈ ಸಾಲ್ಗೆ ಮಾತ್ರೆ ಅರ್ದು ಉಯ್ತೀರ. ಇವು ಏನ್ ಪಾಪ ಮಾಡಿದ್ವು? ಒಂದೇ ಮನೇಲಿ ಇಂಗೆ ಬೇದ ಮಾಡಬೌದಾ? ಅದ್ಕೆ ಒಸಿ ಬಸ್ಸಾರು ಮುದ್ದೆ ನಾನೇ ಆಕ್ತೀನಿ. ನೋಡೋ ಬಾಯ್ಗಳ ಮುಂದೆ ಮಡಿಕ್ಕಂಡು ಒಬ್ಳೇ ಉಂಡ್ರೆ ಗಂಟ್ಲಲ್ಲಿ ಇಳೀತದಾ?"

ನಾನು ಅವಳನ್ನು ಸರ್ ಹತ್ತಿರ ಕರೆದುಕೊಂಡು ಹೋದೆ. ಕೇಳುತ್ತಾ ಕೇಳುತ್ತಾ ಸರ್ ಮುಖ ಕೆಂಪಗಾಯಿತು, ಕುರ್ಚಿಯಿಂದ ಎದ್ದೇಬಿಟ್ಟರು. ಆಮೇಲೆ ಏನು ಹೊಳೆಯಿತೋ, "ಯಾವ ಸೊಪ್ಪು?" ಎಂದರು.

"ನುಗ್ಗೆಸೊಪ್ಪು ಸಾಮಿ. ಇತ್ಲಲ್ಲೇ ಐತೆ."

ಸರ್ ಮತ್ತೆ ಕೂತರು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನುಗ್ಗೆಸೊಪ್ಪಿನಲ್ಲೂ ಅದೇ ಜಾತಿಯ ಫ್ಲೇವನಾಯ್ಡುಗಳು ತುಂಬಿವೆ. ಏನೂ ಕೊಡದ ಸಾಲಿಗೆ ಅವಳು ದಿನಾ ಕೊಡುತ್ತಲೇ ಇದ್ದಳು. ಹಾಗಾದರೆ ಬಸ್ಸಾರಿಗೆ ಆ ಶಕ್ತಿ ಇದೆ ಎಂದು ಬರೆಯೋಣವೇ ಎಂದು ನಾನು ಕೇಳಿದ್ದಕ್ಕೆ ತಕ್ಷಣ ನಗು ನಿಲ್ಲಿಸಿದರು. "ಅದನ್ನ ಯಾರು ಪರೀಕ್ಷೆ ಮಾಡಿದ್ರು ರೀ? ಇರಬಹುದು ಅನ್ನೋದು ಬೇರೆ, ಇದೆ ಅನ್ನೋದು ಬೇರೆ. ಹೋಗಿ, ಮೊದಲಿಂದ ಶುರು ಮಾಡಿ" ಎಂದರು. ಅಂದಿನಿಂದ ಕೆಂಪಮ್ಮ ಹೊರಗೆ ಹೊಂಗೆಮರದ ಕೆಳಗೆ ಉಣ್ಣಬೇಕೆಂದಾಯಿತು. ಅವಳು ಒಪ್ಪಿದಳು. "ಆಗ್ಲಿ ಬುಡಿ. ಸಾಪ ತಟ್ಟುದ್ರೆ ನಿಮ್ಗೆ ತಟ್ತದೆ, ನಂಗೇನು" ಎಂದು ಡಬ್ಬಿ ಎತ್ತಿಕೊಂಡು ಹೋದಳು.

ಎರಡನೇ ಪ್ರಯೋಗ ನೆಟ್ಟಗೆ ನಡೆಯಿತು. ಏನೂ ಕೊಡದ ಸಾಲು ಗಾಢ ಗುಲಾಬಿ, ಸಿಪ್ಪೆಯ ಸಾಲು ಅದಕ್ಕಿಂತ ತಿಳಿ, ಮಾತ್ರೆಯ ಸಾಲು ಎಲ್ಲಕ್ಕಿಂತ ತಿಳಿ. ಸರ್ ಬಾಯಿಂದ ಒಂದೇ ಒಂದು ಹೂಂ ಬಂತು. ಕಾಲೇಜಿನಲ್ಲಿ ನಡೆದ ವಿಚಾರಸಂಕಿರಣದಲ್ಲಿ ನಾನು ಇದನ್ನು ವಿವರಿಸಿದೆ, ಪತ್ರಿಕೆಯವರೊಬ್ಬರು ಬಂದಿದ್ದರು. ಮಾರನೇ ದಿನ "ಕಿಡ್ನಿ ಕಾಯುವ ಈರುಳ್ಳಿ ಸಿಪ್ಪೆ: ಮಂಡ್ಯದ ಮಹಿಳೆಯ ಸಾಧನೆ" ಎಂದು ದಪ್ಪಕ್ಷರದಲ್ಲಿ ಬಂತು, ಪಕ್ಕದಲ್ಲಿ ನನ್ನ ಫೋಟೋ. ಇಲಿ ಎಂಬ ಮಾತು ಕೊನೆಯ ಸಾಲಿನಲ್ಲಿತ್ತು. ಮಾತ್ರೆಯ ಸಾಲು ಎಲ್ಲೂ ಇರಲಿಲ್ಲ. ಸರ್ ಓದಿ ಪೇಪರು ಮಡಚಿ, "ಫೋಟೋ ಚೆನ್ನಾಗಿದೆ" ಎಂದಷ್ಟೇ ಹೇಳಿದರು, ಅದು ಹೂಂ ಹೂಂಗಿಂತ ಖಾರವಾಗಿತ್ತು.

ಅದೇ ಬೆಳಿಗ್ಗೆ ಮಳವಳ್ಳಿಯಿಂದ ನಮ್ಮಣ್ಣ ಸಿದ್ದರಾಜು ಫೋನ್ ಮಾಡಿದ. ಅವನು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಹೆಣ್ಣುಮಗಳಿಗೆ ಅಷ್ಟು ಓದು ಯಾಕೆ ಎಂದು ಮನೆಯವರೆಲ್ಲ ಅಂದಾಗ, ಹಟ ಹಿಡಿದು ನನ್ನನ್ನು ಕಾಲೇಜಿಗೆ ಸೇರಿಸಿದವನು ಅವನೇ. "ಬಸ್‌ಸ್ಟ್ಯಾಂಡಲ್ಲಿ ಇದ್ದ ಪೇಪರ್ನೆಲ್ಲಾ ಬಾಚ್ಕೊಂಡು ಬಂದ್ಬುಟ್ಟೆ ಕಣವ್ವ. ಬೀದೀಲಿ ಎಲ್ರ ಮನೇಗೂ ಅಂಚ್ದೆ!" ಎಂದ. ಇದು ಇಲಿಯಲ್ಲಿ ಮಾಡಿದ್ದಣ್ಣ ಎಂದೆ. "ಆಗ್ಲಿ ಬುಡವ್ವ, ಇವತ್ತು ಇಲಿ, ನಾಳೆ ನಾವು" ಎಂದು ನಕ್ಕ. ಅವನಿಗೆ ಸಕ್ಕರೆ ಕಾಯಿಲೆ ಇದ್ದು ವರ್ಷಗಳಾಗಿದ್ದವು. ಮಾತ್ರೆಯನ್ನು ಮಾತ್ರ ತಪ್ಪಿಸುವವನಲ್ಲ ಎಂಬ ನಂಬಿಕೆಯಲ್ಲಿ ನಾನೂ ನಕ್ಕು ಸುಮ್ಮನಾದೆ.

ಆಮೇಲೆ ನಾನು ಮಳವಳ್ಳಿಗೆ ಹೋದದ್ದು ಕೆಲವು ತಿಂಗಳು ಕಳೆದು, ಗೌರಿಹಬ್ಬದ ಬಾಗಿನಕ್ಕೆ. ಅಣ್ಣ ಬಾಗಿಲಲ್ಲೇ ನಿಂತಿದ್ದ, ಕಾಲಲ್ಲಿ ಹವಾಯಿ ಚಪ್ಪಲಿ. ನಾನು ಕಂಡಂತೆ ಅವನು ಮನೆಯಿಂದ ಹೊರಗೆ ಕಾಲಿಟ್ಟರೆ ಬಿಳಿ ಕ್ಯಾನ್ವಾಸ್ ಶೂ, ಅದಕ್ಕೆ ವಾರವಾರವೂ ಬಿಳಿ ಪಾಲಿಶ್. ಶೂಗಳು ಕಿಟಕಿಯಲ್ಲಿ ಪಾಲಿಶ್ ಆಗಿ ಕೂತಿದ್ದವು. ಅವನ ಪಾದ ಊದಿತ್ತು, ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಹೂತಿತ್ತು. ಅಷ್ಟು ವರ್ಷ ಕಿಡ್ನಿಯನ್ನೇ ಓದಿದವಳಿಗೆ ಅದನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಿತ್ತಿಲಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ಮದುವೆ ಮನೆಯ ಗಾತ್ರದ ಪಾತ್ರೆ, ಅದರಲ್ಲಿ ಈರುಳ್ಳಿ ಸಿಪ್ಪೆ ಕುದಿಯುತ್ತಿತ್ತು. ಬೀದಿಯ ಜನ ಚೊಂಬು ಹಿಡಿದು ಬಂದು ನಿಂತಿದ್ದರು. ಅಣ್ಣ ಸೌಟು ಹಿಡಿದು, "ಲೈನಲ್ಲಿ ಬನ್ನಿ, ಲೈನಲ್ಲಿ! ಇವ್ಳೇ ನಮ್ಮ ತಂಗಿ. ಪೇಪರ್ನಲ್ಲಿ ಬಂದಿದ್ಲಲ್ಲ, ಇವ್ಳೇ" ಎಂದು ನನ್ನನ್ನು ತೋರಿಸಿದ. ಒಬ್ಬ ಮುದುಕಿ ಬಂದು ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು.

ಅತ್ತಿಗೆ ನನ್ನನ್ನು ಒಳಗೆ ಕರೆದು ಮೆಲ್ಲಗೆ ಹೇಳಿದರು. "ಮಾತ್ರೆ ಬುಟ್ಟು ಎಷ್ಟೋ ದಿನ ಆಯ್ತು ಕಣವ್ವ. ಏಳುದ್ರೆ ಬಯ್ತಾರೆ. ನೀನಾರ ಏಳು."

ನಾನು ಹೇಳಿದೆ. ಕೂಗಾಡಿ ಹೇಳಿದೆ.

"ಅಲ್ಲಣ್ಣ, ಯಾರನ್ನ ಕೇಳಿ ಮಾತ್ರೆ ಬಿಟ್ಟೆ?"

"ಯಾರ್ನ ಕೇಳ್ಬೇಕು? ನನ್ ತಂಗಿ ಕಂಡುಹಿಡ್ದಿರೋ ಔಸ್ದಿ ಮನೇಲಿ ಮಡಿಕ್ಕಂಡು, ಯಾವನ್ದೋ ಮಾತ್ರೆ ನಾನ್ಯಾಕೆ ನುಂಗ್ಲಿ?"

"ನಾನು ಏನೂ ಕಂಡುಹಿಡಿದಿಲ್ಲ. ಇದು ಔಷಧಿ ಅಲ್ಲ."

ಅವನು ಅತ್ತಿಗೆಯ ಕಡೆ ತಿರುಗಿ ನಕ್ಕ. "ನೋಡ್ದಾ? ಸಣ್ಣೋಳಿದ್ದಾಗ್ಲೂ ಇಂಗೇಯ. ಕ್ಲಾಸಿಗೆ ಫಸ್ಟ್ ಬಂದ್ರೂ ನಾನಲ್ಲ ಅನ್ನೋಳು. ಒಗಳಿಸ್ಕೊಳಾಕೆ ನಾಚ್ಕೆ ಇವ್ಳಿಗೆ."

ನಾನು ಅಲ್ಲ ಎಂದಷ್ಟೂ ಅವನ ಹೆಮ್ಮೆ ಹೆಚ್ಚುತ್ತಿತ್ತು. ಅತ್ತರೆ, ತಂಗಿಯ ಆನಂದಬಾಷ್ಪ ಎಂದುಕೊಳ್ಳುತ್ತಿದ್ದನೋ ಏನೋ. ಆಸ್ಪತ್ರೆಗೆ ಬಾ ಎಂದರೆ, ಡಾಕ್ಟರಿಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಎನ್ನುತ್ತಿದ್ದ. ಮಂಡ್ಯಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಭಯವಾಯಿತು. ನನ್ನನ್ನು ಓದಿಸಿದವನು ನನ್ನ ಓದಿನಿಂದಲೇ ಸಾಯುತ್ತಾನೆ ಎಂಬ ಭಯ.

ಮಾರನೇ ದಿನ ಸರ್ ಹತ್ತಿರ ಎಲ್ಲವನ್ನೂ ಹೇಳಿದೆ. ಅವರು ಮೇಜು ಕುಟ್ಟುತ್ತಾ, "ಡ್ರಿಲ್ ಮೇಷ್ಟ್ರು ಅಂದ್ರಲ್ಲ? ಭಾಷಣ ಕೇಳೋ ಜಾತಿ ಅಲ್ಲ ಅದು. ಕರ್ಕೊಂಡು ಬನ್ನಿ, ಸಾಲು ತೋರಿಸೋಣ" ಎಂದರು. ಮೂರನೇ ಪ್ರಯೋಗ ಆಗ ಕೊನೆಯ ಹಂತದಲ್ಲಿತ್ತು. ಹೊರಗಿನವರನ್ನು ಇಲಿಮನೆಗೆ ಬಿಡಲು ನಿಯಮ ಅಡ್ಡ ಬರುತ್ತಿತ್ತು. ಅದಕ್ಕೆ ಬೇಕಾದ ಒಪ್ಪಿಗೆಯನ್ನು ಸರ್ ತಾವೇ ಓಡಾಡಿ ತಂದರು. ಪೇಪರಿನ ಫೋಟೋದ ಸಿಟ್ಟು ಅವರಿಗೆ ಆ ದಿನಕ್ಕೆ ಇಳಿದಿರಬೇಕು.

ತಂಗಿಯ ಪ್ರಯೋಗಶಾಲೆ ನೋಡಲು ಅಣ್ಣ ಸಂಭ್ರಮದಿಂದ ಬಂದ. ಇಸ್ತ್ರಿ ಮಾಡಿದ ಪ್ಯಾಂಟು, ಜೇಬಿನಲ್ಲಿ ಹಳೆಯ ವಿಷಲ್, ಕಾಲಲ್ಲಿ ಅದೇ ಹವಾಯಿ ಚಪ್ಪಲಿ. ಅವನಿಗೆ ಬಿಳಿ ಕೋಟು, ಟೋಪಿ, ಮುಖಕ್ಕೆ ಮುಸುಕು ಹಾಕಿದೆವು. ಕೆಂಪಮ್ಮ ನೋಡಿ, "ಮೇಷ್ಟ್ರು ಮದ್ಲಿಂಗ ಇದ್ದಂಗವ್ರೆ, ಅರಿಸ್ನ ಒಂದು ಬಾಕಿ" ಎಂದಳು.

ಒಳಗೆ ಬಂದದ್ದೇ ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ಕೈ ಹಿಂದೆ ಕಟ್ಟಿಕೊಂಡು, ಮಕ್ಕಳ ಸಾಲನ್ನು ನೋಡುತ್ತಾ ಹೋಗುವಂತೆ ಪಂಜರಗಳ ಮುಂದೆ ನಡೆದ. ಒಂದು ಕಡೆ ನಿಂತ.

"ಈ ಸಾಲು ಯಾಕೆ ಇಂಗೆ ಸಪ್ಗೈತೆ? ಕೂದ್ಲೆಲ್ಲಾ ನಿಗ್ರಿಕೊಂಡವೆ. ಕೆಳ್ಗಿನ ಒಟ್ಟೆಲ್ಲಾ ಒದ್ದೆ."

"ಅವಕ್ಕೆ ಸಕ್ಕರೆ ಕಾಯಿಲೆ ಇದೆ ಅಣ್ಣ. ಏನೂ ಕೊಟ್ಟಿಲ್ಲ. ನೀರು ಕುಡಿದು ಕುಡಿದು ಉಚ್ಚೆ ಹೊಯ್ತಾನೇ ಇರ್ತವೆ."

"ಇದು?"

"ಇದು ಸಿಪ್ಪೆ ಸಾಲು."

ಅವನ ಮುಖ ಅರಳಿತು. ಬಗ್ಗಿ ನೋಡಿದ. "ವಾಸಿ ಕಣವ್ವ. ಅದ್ಕಿಂತ ವಾಸಿ ಅವೆ" ಎಂದು, ನನ್ನ ಭುಜ ತಟ್ಟಲು ಕೈ ಎತ್ತಿದ. ಎತ್ತಿದವನ ಕಣ್ಣು ಪಕ್ಕದ ಪಂಜರಗಳ ಮೇಲೆ ಬಿತ್ತು. ಅಲ್ಲಿ ಹೊಟ್ಟು ಒಣಗಿತ್ತು, ಇಲಿಗಳ ಮೈ ನುಣ್ಣಗೆ ಬೆಳ್ಳಗಿತ್ತು. ಒಂದು ಎದ್ದು ನಿಂತು ಅವನನ್ನೇ ನೋಡುತ್ತಿತ್ತು.

"ಇವು ಕಾಯ್ಲೆ ಇಲ್ದೇ ಇರವಾ?"

"ಅವಕ್ಕೂ ಕಾಯಿಲೆ ಇದೆ ಅಣ್ಣ. ಅದು ಮಾತ್ರೆ ಸಾಲು. ನಿನಗೆ ಡಾಕ್ಟರು ಕೊಟ್ಟಿದ್ರಲ್ಲ, ಅದೇ ಮಾತ್ರೆ."

ಅವನು ಎತ್ತಿದ್ದ ಕೈ ಇಳಿಸಿದ. ಸಪ್ಪಗಿದ್ದ ಸಾಲಿಗೆ ಹೋದ, ಮತ್ತೆ ಮಾತ್ರೆ ಸಾಲಿಗೆ ಬಂದ. ಸಾಲಿನಲ್ಲಿ ಯಾರು ಸರಿಯಾಗಿ ನಿಂತಿದ್ದಾರೆ, ಯಾರು ಇಲ್ಲ ಎಂದು ನೋಡುವುದೇ ಜೀವನಪೂರ್ತಿ ಅವನ ಕೆಲಸವಾಗಿತ್ತು. ಕೊನೆಗೆ ಸರ್ ಕಡೆ ತಿರುಗಿದ. "ಈ ಸಾಲು ಪೇಪರ್ನಲ್ಲಿ ಇರ್ಲಿಲ್ವಲ್ಲ ಸಾರ್?"

"ಇರಲಿಲ್ಲ ಮೇಷ್ಟ್ರೇ. ನಿಮ್ಮ ತಂಗಿ ಹೇಳಿದ್ರು, ಪೇಪರಿನವರು ಹಾಕಲಿಲ್ಲ."

"ಅಂಗಾರೆ ನಾನು ಸಿಪ್ಪೆ ಸಾಲು. ನಡುವೆ ಇವ್ನಿ."

ನಾನು ಇಲ್ಲ ಎಂದೆ. ಈ ಸಲ ನಾಚಿಕೆ ಎಂದು ಅವನು ನಗಲಿಲ್ಲ. "ಇವಕ್ಕೆ ಕೊಡೋದು ಸಾರ ತೆಗೆದು, ತೂಕ ಮಾಡಿ. ನೀನು ಕುದಿಸಿ ಕುಡೀತಿರೋ ನೀರಲ್ಲಿ ಅದು ಎಷ್ಟಿದೆಯೋ, ಇದೆಯೋ ಇಲ್ವೋ, ನನಗೇ ಗ್ಯಾರಂಟಿ ಇಲ್ಲ. ನೀನು ನಿಂತಿರೋದು ಏನೂ ಕೊಡದ ಆ ಸಾಲಲ್ಲಿ ಅಣ್ಣ" ಎಂದೆ.

ಕೆಂಪಮ್ಮ ಬಾಗಿಲಿಂದಲೇ, "ಈ ಸಲ ಆ ಸಾಲ್ಗೆ ಬಸ್ಸಾರು ಆಕಾಕೂ ಬುಟ್ಟಿಲ್ಲ ಮೇಷ್ಟ್ರೆ" ಎಂದಳು. ಯಾರೂ ನಗಲಿಲ್ಲ.

ಹೊರಗೆ ಹೊಂಗೆಮರದ ಕೆಳಗಿನ ಕಲ್ಲಿನ ಮೇಲೆ ಅಣ್ಣ ಕೂತ. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ತನ್ನ ಕಾಲಿನ ಬಗ್ಗೆ ಅವನು ಕೇಳಲಿಲ್ಲ. "ಬೀದಿಯೋರ್ಗೆಲ್ಲಾ ಕುಡಿಸ್ಬುಟ್ನಲ್ಲವ್ವ. ನನ್ ಮಾತು ಕೇಳಿ ಎಷ್ಟ್ ಜನ ಮಾತ್ರೆ ಬುಟ್ಟವ್ರೋ" ಎಂದ. ನನ್ನ ಅಣ್ಣ ಒಳ್ಳೆಯವನು. ಇದನ್ನು ಅವನಿಗೆ ಎಂದೂ ಹೇಳಿಲ್ಲ, ಇಲ್ಲಿ ಬರೆದಿದ್ದೇನೆ.

ಅಂದೇ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪರೀಕ್ಷೆಗಳನ್ನೆಲ್ಲ ನೋಡಿ ಡಾಕ್ಟರು, "ಹೋಗಿರೋ ಕಿಡ್ನಿ ಹೋಯ್ತು, ಅದು ವಾಪಸ್ ಬರಲ್ಲ. ಉಳಿದಿರೋದನ್ನ ಮಾತ್ರೆ ತಗೊಂಡು ಉಳಿಸ್ಕೊಬೇಕು" ಎಂದರು. ಅಣ್ಣ ತಲೆಯಾಡಿಸಿದ. ನಾನು ಕಾರಿಡಾರಿಗೆ ಬಂದು ಅತ್ತೆ.

ಮುಂದಿನದು ಅತ್ತಿಗೆ ಫೋನಿನಲ್ಲಿ ಹೇಳಿದ್ದು. ಮಾರನೇ ಬೆಳಿಗ್ಗೆ ಅವನು ಪಾತ್ರೆ ತೊಳೆಸಿ ಅಟ್ಟಕ್ಕೆ ಏರಿಸಿದ. ಚೊಂಬು ಹಿಡಿದು ಬಂದವರ ಮುಂದೆ ಬೀದಿಗೆ ಇಳಿದು ವಿಷಲ್ ಊದಿದ.

"ಏನ್ ಮೇಷ್ಟ್ರೆ, ಡ್ರಿಲ್ಲಾ?"

"ಊಂ, ಡ್ರಿಲ್ಲೇ. ಇವತ್ತು ಸಿಪ್ಪೆ ಇಲ್ಲ. ಎಲ್ರೂ ನಿಮ್ ನಿಮ್ ಮಾತ್ರೆ ತಕ್ಕಬನ್ನಿ. ನನ್ ಕಣ್ಮುಂದೆ ನುಂಗ್ಬೇಕು."

"ನಿಮ್ ತಂಗಿ ಔಸ್ದಿ ಏನಾಯ್ತು?"

"ಅದು ಇಲೀಗೆ ಕಣ್ಲಾ! ನೀನು ಇಲಿಯಾ?"

ಕೆಲವರು ನಕ್ಕರು, ಕೆಲವರು ಬೈದರು. ಬಿಟ್ಟ ಮಾತ್ರೆಯನ್ನು ಮತ್ತೆ ಶುರು ಮಾಡುವ ಮುಂಚೆ ಒಬ್ಬೊಬ್ಬರನ್ನೂ ಅವನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದ. ಅಂದಿನಿಂದ ಆ ಬೀದಿಯಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ವಿಷಲ್ ಆಗುತ್ತದೆ. ವಿಷಲ್ ಕೇಳಿದರೆ ಸಕ್ಕರೆ ಕಾಯಿಲೆಯವರೆಲ್ಲ ನೀರಿನ ಲೋಟ ಎತ್ತಿಕೊಳ್ಳುತ್ತಾರೆ. ನನ್ನ ಕೆನ್ನೆ ಸವರಿದ್ದ ಮುದುಕಿ ಮಾತ್ರ ಸಿಪ್ಪೆ ನೀರೇ ಬೇಕೆಂದು ಹಟ ಮಾಡಿದಳಂತೆ. ಮೊದಲು ಮಾತ್ರೆ, ಆಮೇಲೆ ಡಾಕ್ಟರು ಒಪ್ಪಿದರೆ ಸಿಪ್ಪೆ ಎಂದು ಅಣ್ಣ ತೀರ್ಮಾನ ಕೊಟ್ಟ.

ಇದನ್ನು ನಾನು ನಗುತ್ತಾ ಹೇಳಿದಾಗ ಸರ್ ನಗಲಿಲ್ಲ. ಮಾತ್ರೆಯೂ ಸಿಪ್ಪೆಯ ಸಾರವೂ ಎರಡೂ ಸಿಗುವ ಸಾಲನ್ನು ನಾವು ಇಟ್ಟೇ ಇಲ್ಲವಲ್ಲ ಎಂದರು. ನಾಲ್ಕನೇ ಪ್ರಯೋಗದಲ್ಲಿ ಆ ಸಾಲು ಸೇರಿತು, ಅದಕ್ಕೆ ನಮ್ಮೊಳಗೆ ಮಳವಳ್ಳಿ ಸಾಲು ಎಂದು ಹೆಸರು. ಅದು ಬರೀ ಮಾತ್ರೆಯ ಸಾಲಿಗಿಂತ ಸ್ವಲ್ಪ ಚೆನ್ನಾಗಿ ಬಂತು. ಎಷ್ಟು ಚೆನ್ನಾಗಿ ಎಂದು ಈಗ ಯಾರಾದರೂ ಕೇಳಿದರೆ, ಮೊದಲು "ಇಲಿಯಲ್ಲಿ" ಎಂದು ಹೇಳಿ, ಅವರು ಅದನ್ನು ಕೇಳಿಸಿಕೊಂಡರೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಮಿಕ್ಕದ್ದನ್ನು ಹೇಳುತ್ತೇನೆ. ಮಕ್ಕಳೇ, ನೀವೂ ಹಾಗೇ ಮಾಡಿ. ಪೇಪರಿನವರು ಬಂದಾಗ ಎಲ್ಲ ಸಾಲನ್ನೂ ಹೇಳಿ, ಅವರು ಬರೆದುಕೊಳ್ಳುವುದನ್ನು ಕಣ್ಣಲ್ಲಿ ನೋಡಿ. ನಿಮ್ಮ ಮನೆಯಲ್ಲೂ ನಿಮ್ಮನ್ನು ಕಣ್ಣುಮುಚ್ಚಿ ನಂಬುವವರು ಒಬ್ಬರು ಇದ್ದೇ ಇರುತ್ತಾರೆ.

ಪುಟ್ಟಸ್ವಾಮಿ ಸರ್ ಈಗ ಮೈಸೂರಿನಲ್ಲಿ ಮೊಮ್ಮಕ್ಕಳಿಗೆ ಹೂಂ ಹೂಂ ಎನ್ನುತ್ತಾ ಇದ್ದಾರೆ. ಕೆಂಪಮ್ಮ ಶಿವಪುರದಲ್ಲಿ ಕೋಳಿ ಸಾಕಿದ್ದಾಳೆ, ಯಾವ ಕೋಳಿಗೂ ಭೇದ ಮಾಡಿಲ್ಲವಂತೆ. ಅಣ್ಣನ ಕಾಲಿನ ಊತ ಇಳಿದು, ಕ್ಯಾನ್ವಾಸ್ ಶೂ ಮತ್ತೆ ಕಾಲಿಗೆ ಬಂದಿದೆ. ಆದರೆ ಹೋದ ಕಿಡ್ನಿ ವಾಪಸು ಬರುವುದಿಲ್ಲ ಎಂದು ಡಾಕ್ಟರು ಹೇಳಿದ ಮಾತು ಅವನಿಗೂ ಗೊತ್ತು, ನನಗೂ ಗೊತ್ತು. ಈಚೆಗೆ ವಿಷಲ್ ಮೊದಲಿನಷ್ಟು ಉದ್ದಕ್ಕೆ ಬರುವುದಿಲ್ಲ.

ನಿವೃತ್ತಿಯಾದ ಮೇಲೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ನನಗೂ ಸಕ್ಕರೆ ಇದೆ ಎಂದು ಬಂತು. ಎಷ್ಟು ಇಲಿಗಳಿಗೆ ಬರಿಸಿದ್ದೆನೋ, ಕೆಂಪಮ್ಮ ಹೇಳಿದ ಶಾಪ ತಟ್ಟಿತು ಎಂದುಕೊಂಡು ಒಬ್ಬಳೇ ನಕ್ಕೆ. ನನ್ನ ಮಕ್ಕಳಿಗಿಂತ ಮೊದಲು ಅಣ್ಣನಿಗೆ ಹೇಳಿದೆ. ಅವನು ಸಮಾಧಾನದ ಮಾತು ಒಂದೂ ಆಡದೆ, ಮಾತ್ರೆ ಹೊತ್ತು ಯಾವುದು ಎಂದು ಕೇಳಿ ಫೋನ್ ಇಟ್ಟ.

ಈಗ ದಿನಾ ಬೆಳಿಗ್ಗೆ ಮಳವಳ್ಳಿಯಿಂದ ಫೋನ್ ಬರುತ್ತದೆ. ಎತ್ತಿದರೆ ಹಲೋ ಇಲ್ಲ, ವಿಷಲ್. ಇವತ್ತೂ ಬಂತು. ಊದಿ, ಸ್ವಲ್ಪ ಉಸಿರು ಎಳೆದುಕೊಂಡು, "ಯಾವ ಸಾಲವ್ವ?" ಎಂದ.

ನಾನು ಅಡುಗೆಮನೆಯಲ್ಲಿ ಲೋಟ ಹಿಡಿದು ನಿಂತಿದ್ದೆ. ಮಾತ್ರೆ ನುಂಗಿ ನೀರು ಕುಡಿದು, "ಮಾತ್ರೆ ಸಾಲು ಕಣಣ್ಣ" ಎಂದೆ.

"ನೆಟ್ಗೆ ನಿಂತ್ಕ" ಎಂದ.

ನಿಂತೆ.